ಹನ್ನೆರಡು ಲಕ್ಷ ವರ್ಷದ ಊರು ಇಸಾಂಪುರ

ಯಾದಗಿರಿಯಲ್ಲಿ ರೈಲು ಇಳಿದು ಸುರಪುರದ ಬಸ್ಸು ಹತ್ತಿದವರಿಗೆ ದಾರಿಯುದ್ದಕ್ಕೂ ಕಲ್ಲಿನದೇ ದರ್ಬಾರು. ಯಾದಗಿರಿಯಲ್ಲಿ ಬೆಟ್ಟದ ಮೇಲಿನ ಕೋಟೆ. ಭೀಮಾ ನದಿ ದಾಟಿ ಶಹಾಪುರ ಸಮೀಪಿಸಿದರೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡಗಳ ಸಾಲು. ಸುರಪುರದಲ್ಲಂತೂ ಊರಿಗೆ ಊರೇ ಬಂಡೆಗಳ ಮಡಿಲಲ್ಲಿ ಕುಳಿತಿದೆ. ಇವೆಲ್ಲ ಗ್ರಾನೈಟ್ ಜಾತಿಯ ಕಲ್ಲುಗಳು. ಬಿಸಿಲಿಗೆ ಬಿರಿದು, ಮಳೆಗೆ ತೊಳೆದು, ದುಂಡಗಾಗಿ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿವೆ. ಪ್ರವಾಸಿಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಟೇಲರ್ ಮಂಜಿಲ್ ನೋಡಿ, ವೇಣುಗೋಪಾಲ ಸ್ವಾಮಿಗೆ ಕೈಮುಗಿದು ಹಿಂತಿರುಗುತ್ತಾರೆ.

ಸುರಪುರದಿಂದ ಪಶ್ಚಿಮಕ್ಕೆ ಹುಣಸಗಿಯತ್ತ ಇನ್ನೂ ಒಂದು ತಾಸಿನ ಪ್ರಯಾಣ ಮಾಡಿದರೆ ಕಲ್ಲಿನ ಜಾತಿ ಬದಲಾಗುತ್ತದೆ. ದುಂಡು ಬಂಡೆಗಳು ಹಿಂದೆ ಸರಿದು, ಹಾಳೆ ಹಾಳೆಯಾಗಿ ಏಳುವ ಸುಣ್ಣಕಲ್ಲು ಕಾಣತೊಡಗುತ್ತದೆ. ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಪರಸಿಯ ದಾಯಾದಿಯೇ ಇದು. ಹೊಲದ ಒಡ್ಡು, ಬಾವಿಯ ಕಟ್ಟೆ, ದನದ ಕೊಟ್ಟಿಗೆಯ ಗೋಡೆ ಎಲ್ಲವೂ ಈ ಹಾಳೆಕಲ್ಲಿನದೇ. ಭೀಮಾ ತೀರದಲ್ಲಿ ಹರಡಿರುವ ಈ ಶಿಲಾಸಮೂಹಕ್ಕೆ ಭೂವಿಜ್ಞಾನಿ ವಿಲಿಯಂ ಕಿಂಗ್ 1872ರಲ್ಲಿ ನದಿಯ ಹೆಸರನ್ನೇ ಇಟ್ಟ. ಅಂದಿನಿಂದ ಅದು 'ಭೀಮಾ ಶ್ರೇಣಿ'.

ಈ ಕಲ್ಲಿನ ಸೀಮೆಯಲ್ಲಿ, ಹುಣಸಗಿಯಿಂದ ಸೈಕಲ್ ತುಳಿದು ಹೋಗಬಹುದಾದಷ್ಟು ದೂರದಲ್ಲಿ, ಇಸಾಂಪುರ ಎಂಬ ಪುಟ್ಟ ಹಳ್ಳಿಯಿದೆ. ಮೊದಲು ಗುಲ್ಬರ್ಗ ಜಿಲ್ಲೆ, ಸುರಪುರ ತಾಲ್ಲೂಕು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಆ ಮೇಲೆ ಹುಣಸಗಿಯೇ ತಾಲ್ಲೂಕು ಕೇಂದ್ರವಾಯಿತು. ಹೀಗೆ ಕಾಗದದ ಮೇಲೆ ಊರಿನ ವಿಳಾಸ ಎರಡು ಸಲ ಬದಲಾಗಿದೆ. ಊರಿನಲ್ಲಿ ಬೆರಗುಪಡುವಂಥ ಗುಡಿಯಿಲ್ಲ, ಕೋಟೆಯಿಲ್ಲ, ಜಾತ್ರೆಗೆ ದೂರದ ಜನ ಬರುವುದಿಲ್ಲ. ಆದರೆ ಮಾನವನ ಪ್ರಾಚೀನತೆಯನ್ನು ಅಭ್ಯಾಸ ಮಾಡುವ ಪರದೇಶದ ವಿದ್ವಾಂಸರಿಗೆ ಈ ಹೆಸರು ಚಿರಪರಿಚಿತ. ಯಾದಗಿರಿ ಪೇಟೆಯಲ್ಲಿ ಕೇಳಿ ನೋಡಿ, ಹತ್ತರಲ್ಲಿ ಒಬ್ಬರಾದರೂ ಹೇಳಿಯಾರೆಂಬ ಭರವಸೆಯಿಲ್ಲ.

ಊರಿನ ಸುತ್ತಲಿನ ಭೂಗೋಳವನ್ನು ಮೊದಲು ತಿಳಿಯುವುದು ಒಳ್ಳೆಯದು, ಏಕೆಂದರೆ ಇಲ್ಲಿಯ ಇತಿಹಾಸವನ್ನು ಬರೆದದ್ದೇ ಭೂಗೋಳ. ದಕ್ಷಿಣಕ್ಕೆ ಕೃಷ್ಣೆ, ಉತ್ತರ ಮತ್ತು ಪೂರ್ವಕ್ಕೆ ಭೀಮೆ. ಈ ಎರಡು ನದಿಗಳ ನಡುವಿನ ಬೆಣೆಯಾಕಾರದ ನಾಡಿಗೆ ವಿದ್ವಾಂಸರು 'ಸುರಪುರ ದೋಆಬ್' ಎನ್ನುತ್ತಾರೆ. ಅದರೊಳಗೆ ಹುಣಸಗಿ ಮತ್ತು ಬೈಚಬಾಳ ಎಂಬ ಎರಡು ಕಣಿವೆಗಳು ಕೂಡಿ ಒಂದು ದೊಡ್ಡ ತಟ್ಟೆಯಾಗಿದೆ. ವಿಸ್ತಾರ ಸುಮಾರು 500 ಚದರ ಕಿಲೋಮೀಟರ್. ತಟ್ಟೆಯ ಅಂಚು ಸುಣ್ಣಕಲ್ಲಿನ, ಜೇಡಿಪದರಿನ ಗುಡ್ಡಸಾಲು. ಹೆಚ್ಚು ಎತ್ತರವಿಲ್ಲ, ಆದರೆ ಗೋಡೆಯಂತೆ ಸುತ್ತುವರಿದಿದೆ. ತಳದಲ್ಲಿ ಹಳೆಯ ಗ್ರಾನೈಟ್, ಅದರ ಮೇಲೆ ಎರೆ ಮಣ್ಣು. ತಟ್ಟೆಯ ನೀರೆಲ್ಲ ಹುಣಸಗಿ ಹಳ್ಳಕ್ಕೆ ಸೇರಿ ಕೃಷ್ಣೆಗೆ ಹೋಗುತ್ತದೆ. ಇಸಾಂಪುರ ಇರುವುದು ಈ ಹಳ್ಳದ ತಲೆಯ ಕಡೆ, ತಟ್ಟೆಯ ಅಂಚಿನ ಬುಡದಲ್ಲಿ.

ಸುಣ್ಣಕಲ್ಲಿಗೆ ಒಂದು ಗುಣವಿದೆ. ಮಳೆನೀರು ಅದರ ಸೀಳುಗಳಲ್ಲಿ ಇಳಿದು, ಕೆಳಗಿನ ಜೇಡಿಪದರು ತಡೆದಲ್ಲಿ ಪಕ್ಕಕ್ಕೆ ಹರಿದು ಬುಗ್ಗೆಯಾಗಿ ಹೊರಬರುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತಿದರೂ ಇಂಥ ಬುಗ್ಗೆಗಳ ಬಾಯಲ್ಲಿ ತೇವ ಇದ್ದೇ ಇರುತ್ತಿತ್ತು. ಜೇಡರ ದಾಸಿಮಯ್ಯನ ಹುಟ್ಟೂರೆಂದು ಹೆಸರಾದ ಮುದನೂರಿನಲ್ಲಿ ತೀರ್ಥಗಳಿರುವುದಕ್ಕೂ ಇದೇ ಕಾರಣ. ಪುಣ್ಯದ ಲೆಕ್ಕ ಬೇರೆ, ನೀರಿನ ಲೆಕ್ಕ ಇದು. ಆ ಮುದನೂರಿನ ಸುತ್ತಲೂ ಶಿಲಾಯುಗದ ಕಲ್ಲಿನ ಕೊಡಲಿಗಳು ಸಿಕ್ಕಿವೆ.

ಸುರಪುರ ಸೀಮೆಯ ಇತಿಹಾಸವೆಂದರೆ ಜನರ ಬಾಯಲ್ಲಿ ನಾಯಕ ಅರಸರ ಇತಿಹಾಸವೇ. 1705ರಲ್ಲಿ ಔರಂಗಜೇಬ ಮುಪ್ಪಿನ ವಯಸ್ಸಿನಲ್ಲಿ ತಾನೇ ಬಂದು ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ್ದು, 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ತೆತ್ತದ್ದು ಎಲ್ಲರಿಗೂ ಗೊತ್ತು. 1841ರಿಂದ 1853ರವರೆಗೆ ಇಲ್ಲಿ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅದಕ್ಕಿಂತ ಹಿಂದಕ್ಕೂ ಕಣ್ಣು ಹಾಯಿಸಿದ. ರಾಜನಕೋಳೂರಿನ ಕಲ್ಲುಮನೆಗಳನ್ನು, ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿರುವಂಥ ಸಾಲುಗಲ್ಲುಗಳನ್ನು ಕಂಡು, ಅವು ಬಹು ಪುರಾತನ ಜನರ ಸಮಾಧಿ ಸಂಬಂಧಿ ರಚನೆಗಳೆಂದು ಗುರುತಿಸಿ ಬರೆದ. ಇಷ್ಟೆಲ್ಲ ಅಲೆದ ಟೇಲರ್ ಶಿಲಾಯುಗದ ಕೈಕೊಡಲಿಯನ್ನು ಮಾತ್ರ ಗಮನಿಸಲಿಲ್ಲ. ಅವನನ್ನು ದೂರುವಂತಿಲ್ಲ. ಅಂಥ ಕಲ್ಲು ಮನುಷ್ಯ ಮಾಡಿದ್ದು ಎಂಬುದನ್ನು ಯುರೋಪಿನ ಪಂಡಿತರೇ ಒಪ್ಪಿದ್ದು 1859ರ ಸುಮಾರಿಗೆ. ಭಾರತದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಪಲ್ಲಾವರದಲ್ಲಿ ಮೊದಲ ಕೈಕೊಡಲಿಯನ್ನು ಎತ್ತಿಕೊಂಡದ್ದು 1863ರಲ್ಲಿ. ಆ ಹೊತ್ತಿಗೆ ಟೇಲರ್ ಭಾರತವನ್ನೇ ಬಿಟ್ಟು ಹೋಗಿದ್ದ.

ನಂತರ ಈ ನೆಲವನ್ನು ಹೊಲ ಹೊಲವಾಗಿ ಸೋಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು. ಕೊಡೇಕಲ್ಲಿನ ಮತ್ತು ಬೂದಿಹಾಳದ ಬೂದಿದಿಬ್ಬಗಳನ್ನು ಅಗೆದು, ಅವು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಹಟ್ಟಿಗಳಲ್ಲಿ ಸಗಣಿ ಸುಟ್ಟು ಬೆಳೆದ ದಿಬ್ಬಗಳೆಂದು ತೋರಿಸಿದ್ದು ಅವರ ಒಂದು ಕೆಲಸ. ಇನ್ನೊಂದು, 1970ರ ದಶಕದಿಂದ ಹುಣಸಗಿ–ಬೈಚಬಾಳ ಕಣಿವೆಗಳನ್ನು ಕಾಲುನಡಿಗೆಯಲ್ಲಿ ಶೋಧಿಸಿ, ಕೈಕೊಡಲಿ ಯುಗದ ಇನ್ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದ್ದು. ದೇಶದಲ್ಲಿ ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟೊಂದು ನೆಲೆಗಳು ಸಿಕ್ಕ ಸ್ಥಳ ಬಹು ವಿರಳ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇಸಾಂಪುರ ಬೆಳಕಿಗೆ ಬಂದ ಬಗೆ ವಿಚಿತ್ರ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರ ಅಣೆಕಟ್ಟು ಎದ್ದು, ಎಡದಂಡೆಯ ಕಾಲುವೆಗಳ ಕೆಲಸ ನಡೆದಿದ್ದ ಕಾಲ ಅದು. ಏರಿ ಕಟ್ಟಲು ಮಣ್ಣು ಬೇಕು. ಊರ ಹೊರಗಿನ ಜಮೀನಿನಿಂದ ದಪ್ಪ ಹೂಳು ಮಣ್ಣನ್ನು ಎತ್ತಿ ಸಾಗಿಸಿದರು. ಮಣ್ಣು ಹೋದ ಮೇಲೆ ಕೆಳಗಿನ ಸುಣ್ಣಕಲ್ಲಿನ ಹಾಸು ಬಯಲಾಯಿತು, ಅದರ ಮೇಲೆ ಒಡೆದ ಕಲ್ಲಿನ ರಾಶಿ. 1983ರಲ್ಲಿ ಪದ್ದಯ್ಯನವರ ಕಣ್ಣಿಗೆ ಅದು ಬಿತ್ತು. ಕಾಲುವೆಗೆ ಮಣ್ಣು ಬೇಕಾಗದೆ ಇದ್ದಿದ್ದರೆ ಆ ನೆಲೆ ಇಂದಿಗೂ ಹೂಳಿನ ಕೆಳಗೇ ಇರುತ್ತಿತ್ತು.

1997ರಿಂದ ಐದು ವರ್ಷ ಅಲ್ಲಿ ಉತ್ಖನನ ನಡೆಯಿತು. ನೆಲೆಯ ವಿಸ್ತಾರ ಎರಡು ಎಕರೆಗೆ ತುಸು ಕಡಿಮೆ; ಅದರಲ್ಲಿ ಅಗೆದದ್ದು ಬಹು ಸ್ವಲ್ಪ. ಅಷ್ಟರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಕಲ್ಲಿನ ವಸ್ತುಗಳು ಬಂದವು. ಕೈಕೊಡಲಿ, ಸೀಳುಗತ್ತಿ, ಕೆರೆಯುವ ಚಕ್ಕೆ, ಅರ್ಧಕ್ಕೆ ಬಿಟ್ಟ ಕಲ್ಲು, ಕೆಟ್ಟುಹೋದ ಕಲ್ಲು, ಮತ್ತೆ ಕೆಲಸದಲ್ಲಿ ಸಿಡಿದ ಚೂರುಗಳು ಎಣಿಕೆ ಮೀರಿ. ಬೇರೆ ಕಡೆಗಳಲ್ಲಿ ಹೊಳೆಯ ನೀರು ಎಲ್ಲಿಂದಲೋ ಹೊತ್ತು ತಂದು ಚೆಲ್ಲಿದ ಉಪಕರಣಗಳು ಸಿಗುತ್ತವೆ. ಇಲ್ಲಿ ಕಲ್ಲೂ ಇಲ್ಲಿಯದೇ, ಕೆಲಸವೂ ಇಲ್ಲಿಯದೇ, ಕಸವೂ ಇಲ್ಲಿಯದೇ. ಅಂದರೆ ಇದು ಗಣಿಯೂ ಹೌದು, ಕಮ್ಮಟವೂ ಹೌದು.

ಕೆಲಸದ ಕ್ರಮವನ್ನು ಚೂರುಗಳೇ ಹೇಳುತ್ತವೆ. ಬಿಸಿಲು ಮಳೆಗೆ ಬಿರುಕು ಬಿಟ್ಟ ಸುಣ್ಣಕಲ್ಲಿನ ಹಾಸಿನಿಂದ ತಕ್ಕ ದಪ್ಪದ ಹಾಳೆಯನ್ನು ಎಬ್ಬಿಸಬೇಕು. ಈ ಕಲ್ಲಿನಲ್ಲಿ ಮರಳಿನ ಅಂಶ, ಎಂದರೆ ಸಿಲಿಕಾ, ಬೆರೆತಿರುವುದರಿಂದ ಬರೀ ಸುಣ್ಣಕಲ್ಲಿಗಿಂತ ಗಟ್ಟಿ, ಅಂಚು ಹರಿತವಾಗಿ ಒಡೆಯುತ್ತದೆ. ಹೊಡೆಯುವ ಸುತ್ತಿಗೆಗಲ್ಲು ಮಾತ್ರ ಬೇರೆ ಜಾತಿಯದು: ಬಿಳಿ ಬೆಣಚು, ಚಕಮಕಿ, ಕರಿಕಲ್ಲು. ಅವನ್ನು ಆರಿಸಿ ಹಿಡಿದು ತಂದಿದ್ದಾರೆ. ಹಾಳೆಯ ದಪ್ಪ ಸರಿಯಿದ್ದರೆ ಅಂಚು ಸುತ್ತ ನಾಲ್ಕಾರು ಏಟು, ಕೈಕೊಡಲಿ ತಯಾರು. ದಪ್ಪ ಹೆಚ್ಚಾದರೆ ಮೊದಲು ದೊಡ್ಡ ಚಕ್ಕೆ ಎಬ್ಬಿಸಿ, ಆ ಚಕ್ಕೆಯಿಂದ ಸೀಳುಗತ್ತಿ. ಕಲ್ಲಿನ ಸ್ವಭಾವ ನೋಡಿ ಮಾಡುವ ಸಾಮಾನನ್ನು ನಿರ್ಧರಿಸುವುದು ಇಂದಿನ ಕಲ್ಲುಕುಟಿಗನೂ ಮಾಡುವ ಕೆಲಸವೇ.

ಈ ಚೂರುಗಳನ್ನು ಅಭ್ಯಾಸ ಮಾಡಿದ ಸೇರಿ ಶಿಪ್ಟನ್ ಎಂಬ ಸಂಶೋಧಕರು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಒಬ್ಬರ ಕೈಚಳಕವನ್ನು ಇನ್ನೊಬ್ಬರು ಹತ್ತಿರ ಕೂತು ನೋಡಿ, ಏಟಿಗೆ ಏಟು ಅನುಕರಿಸಿ ಕಲಿತರೆ ಮಾತ್ರ ಇಷ್ಟು ಒಂದೇ ಬಗೆಯ ಕೆಲಸ ಸಾಧ್ಯ ಎಂದು ವಾದಿಸಿದ್ದಾರೆ. ಮಾತು ಇನ್ನೂ ಪೂರ್ತಿ ಹುಟ್ಟಿರಲಿಕ್ಕಿಲ್ಲ, ಪಾಠ ಹುಟ್ಟಿತ್ತು! ಯಾದಗಿರಿ ಜಿಲ್ಲೆಯ ಹೆಸರು ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಪರೀಕ್ಷೆಯ ಫಲಿತಾಂಶ ಕಡಿಮೆಯೆಂಬ ಸುದ್ದಿಯಲ್ಲಿ. ಈ ಸುದ್ದಿಯೂ ಒಮ್ಮೆ ಬರಬಹುದಿತ್ತು.

ಕಾಲ ನಿರ್ಣಯದ ಮಾತಿಗೆ ಬರೋಣ. ಎಲ್ಲರೂ ಬಲ್ಲ ಕಾರ್ಬನ್-14 ವಿಧಾನ ಸುಮಾರು 50,000 ವರ್ಷಗಳಾಚೆಗೆ ಸೋಲುತ್ತದೆ. ಇಸಾಂಪುರದಲ್ಲಿ ಕೈಗೆ ಬಂದದ್ದು ಕಲ್ಲುಗಳ ಜೊತೆ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲುಗಳು. ಹಲ್ಲಿನ ಮೇಲಿನ ಗಾಜಿನಂಥ ಹೊದಿಕೆ ಒಂದು ಬಗೆಯ ಹುಂಡಿ. ಸುತ್ತಲಿನ ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಿಂದ ಸೂಸುವ ವಿಕಿರಣ ಅದರ ಹರಳುಗಳಲ್ಲಿ ಎಲೆಕ್ಟ್ರಾನುಗಳನ್ನು ಸ್ಥಾನಪಲ್ಲಟ ಮಾಡಿ ಸಿಕ್ಕಿಸುತ್ತದೆ. ವರ್ಷ ಕಳೆದಂತೆ ಹುಂಡಿ ತುಂಬುತ್ತ ಹೋಗುತ್ತದೆ. ಪ್ರಯೋಗಾಲಯದಲ್ಲಿ ಅಯಸ್ಕಾಂತ ಕ್ಷೇತ್ರದಲ್ಲಿಟ್ಟು ಸಿಕ್ಕಿಕೊಂಡ ಎಲೆಕ್ಟ್ರಾನುಗಳನ್ನು ಅಳೆದು, ವರ್ಷಕ್ಕೆ ಬೀಳುವ ವಿಕಿರಣದಿಂದ ಭಾಗಿಸಿದರೆ ವಯಸ್ಸು ಬರುತ್ತದೆ. ಇದಕ್ಕೆ ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂದು ಹೆಸರು. ಈ ಲೆಕ್ಕದಲ್ಲಿ ಇಸಾಂಪುರದ ಹಲ್ಲುಗಳಿಗೆ ಬಂದ ವಯಸ್ಸು 12.7 ಲಕ್ಷ ವರ್ಷ, ಆಚೀಚೆ 1.7 ಲಕ್ಷ. ಹಲ್ಲು ಮಣ್ಣಿನಿಂದ ಯುರೇನಿಯಂ ಹೀರಿಕೊಂಡ ವೇಗದ ಬಗ್ಗೆ ಒಂದು ಊಹೆ ಇದರೊಳಗೆ ಸೇರಿದೆ, ಆದ್ದರಿಂದ ಕೆಲವರು ಈ ಅಂಕಿಯನ್ನು ಎಚ್ಚರದಿಂದ ಬಳಸುತ್ತಾರೆ. 2011ರಲ್ಲಿ ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಗೆ ಸುಮಾರು 15 ಲಕ್ಷ ವರ್ಷ ಎಂದು ಬೇರೆ ವಿಧಾನಗಳಿಂದ ಗೊತ್ತಾದ ಮೇಲೆ ಇಸಾಂಪುರದ ಅಂಕಿ ಒಂಟಿಯಾಗಿ ಉಳಿದಿಲ್ಲ.

ಹಾಗಾದರೆ ಆ ಜನ ಯಾರು? ಇಸಾಂಪುರದಲ್ಲಿ ಅವರ ಎಲುಬು ಸಿಕ್ಕಿಲ್ಲ. ದೇಶದಲ್ಲೇ ಅಂಥ ಪುರಾತನ ಮಾನವನ ತಲೆಬುರುಡೆ ಸಿಕ್ಕಿದ್ದು ನರ್ಮದೆಯ ದಂಡೆಯ ಹಥ್ನೋರಾದಲ್ಲಿ, 1982ರಲ್ಲಿ. ನಮ್ಮ ಜಾತಿಯ ಮನುಷ್ಯ ಹುಟ್ಟುವುದಕ್ಕೆ ಬಹಳ ಮುಂಚಿನವರು ಎಂಬುದಷ್ಟೇ ನಿಶ್ಚಿತ. ಪದ್ದಯ್ಯನವರ ತರ್ಕದ ಪ್ರಕಾರ ಅವರದು ಋತುಮಾನಕ್ಕೆ ತಕ್ಕ ಬದುಕು. ಮಳೆಗಾಲದಲ್ಲಿ ಎಲ್ಲೆಡೆ ನೀರಿದ್ದಾಗ ಚಿಕ್ಕ ಗುಂಪುಗಳಾಗಿ ಕಣಿವೆಯ ತುಂಬ ಚದುರಿ, ಬೇಸಿಗೆಯಲ್ಲಿ ಬುಗ್ಗೆಗಳ ಹತ್ತಿರ ಕೂಡಿಕೊಳ್ಳುತ್ತಿದ್ದರು. ಕಲ್ಲು, ನೀರು, ನೀರಿಗೆ ಬರುವ ಬೇಟೆ, ಈ ಮೂರೂ ಇಸಾಂಪುರದಲ್ಲಿ ಒಂದೇ ಕಡೆ ಇದ್ದವು. ಬೇಸಿಗೆಗೆ ಗುಳೆ ಹೋಗುವುದು ಈ ಸೀಮೆಗೆ ಹೊಸದಲ್ಲವೆಂದು ಕಾಣುತ್ತದೆ.

ಜರ್ಮನಿಯಲ್ಲಿ ಹೈಡೆಲ್‌ಬರ್ಗ್ ಪಟ್ಟಣದ ಹತ್ತಿರ ಮೌವರ್ ಎಂಬ ಹಳ್ಳಿಯಿದೆ. ಅದೂ ಸಣ್ಣದೇ. ಅಲ್ಲಿಯ ಮರಳು ಗಣಿಯಲ್ಲಿ ಎಲುಬು ಸಿಕ್ಕರೆ ತಿಳಿಸಿ ಎಂದು ಓಟೋ ಶೋಟೆನ್‌ಸಾಕ್ ಎಂಬ ಪ್ರಾಧ್ಯಾಪಕ ಗಣಿಯ ಮಾಲೀಕನಿಗೆ ಇಪ್ಪತ್ತು ವರ್ಷ ಹೇಳುತ್ತಲೇ ಬಂದಿದ್ದ. 1907ರ ಅಕ್ಟೋಬರ್ 21ರಂದು ಡೇನಿಯಲ್ ಹಾರ್ಟ್‌ಮನ್ ಎಂಬ ಕೂಲಿಕಾರನ ಸಲಿಕೆಗೆ ಒಂದು ದವಡೆ ಎಲುಬು ತಾಗಿತು. ವಯಸ್ಸು ಸುಮಾರು 6 ಲಕ್ಷ ವರ್ಷ, ಎಂದರೆ ಇಸಾಂಪುರದ ಅರ್ಧ. ಒಂದೇ ಒಂದು ದವಡೆ. ಆದರೂ ಮೌವರಿನ ಪುರಸಭೆಯ ಕಟ್ಟಡದಲ್ಲಿ ಅದಕ್ಕಾಗಿ ವಸ್ತುಸಂಗ್ರಹಾಲಯವಿದೆ, ಕೂಲಿಕಾರನ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಇಸಾಂಪುರದ ಉತ್ಖನನದಲ್ಲಿ ಬುಟ್ಟಿ ಹೊತ್ತವರ ಮಕ್ಕಳು ತಮ್ಮೂರಿನ ಕೈಕೊಡಲಿ ನೋಡಬೇಕೆಂದರೆ ಪುಣೆಯ ಕಾಲೇಜಿಗೆ ಹೋಗಬೇಕು.

ನೆಲವನ್ನು ತೋರಿಸಿಕೊಟ್ಟ ಕಾಲುವೆ ಈಗ ಬೇರೆ ಪ್ರಶ್ನೆಯನ್ನೂ ಒಡ್ಡಿದೆ. ನೀರು ಬಂದ ಮೇಲೆ ಜೋಳ, ತೊಗರಿಯ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಗೆ ಮಟ್ಟಸ ನೆಲ ಬೇಕು. ಉಬ್ಬು ತಗ್ಗುಗಳನ್ನು ಯಂತ್ರ ಒಂದೇ ದಿನದಲ್ಲಿ ಸಮ ಮಾಡುತ್ತದೆ. ಕಲ್ಲು ಒಡ್ಡಿಗೆ ಹೋಗುತ್ತದೆ. ಬರಗಾಲ ಉಂಡ ಸೀಮೆಯ ರೈತನಿಗೆ ಭತ್ತ ಬೆಳೆಯಬೇಡ ಎಂದು ಹೇಳುವ ಬಾಯಿ ಯಾರಿಗೂ ಇರಬಾರದು. ಆದರೆ ಇನ್ನೂರು ನೆಲೆಗಳಲ್ಲಿ ಕಡೆಗೆ ಹತ್ತನ್ನಾದರೂ ಗುರುತು ಕಲ್ಲು ನೆಟ್ಟು, ಪರಿಹಾರ ಕೊಟ್ಟು ಬಿಡಿಸಿಕೊಳ್ಳುವುದು ಸರ್ಕಾರಕ್ಕೆ ದೊಡ್ಡ ಖರ್ಚಿನ ಬಾಬತ್ತೇನಲ್ಲ.

ನೋಡಬಯಸುವವರು ಕಾರ್ತೀಕದಿಂದ ಮಾಘದ ನಡುವೆ ಹೋಗುವುದು ಲೇಸು. ಆ ಮೇಲಿನ ಬಿಸಿಲು ಹೊರಗಿನವರಿಗೆ ತಡೆಯದು, ಮಳೆಗಾಲದಲ್ಲಿ ಎರೆ ಮಣ್ಣು ಚಪ್ಪಲಿ ಬಿಡುವುದಿಲ್ಲ. ಯಾದಗಿರಿಯಿಂದ ಶಹಾಪುರ, ಸುರಪುರ ಮಾರ್ಗವಾಗಿ ಹುಣಸಗಿ ತಲುಪಿ, ಅಲ್ಲಿ ವಿಚಾರಿಸಿ ಮುಂದುವರಿಯಬಹುದು. ಕುಡಿಯುವ ನೀರು ಜೊತೆಗಿರಲಿ. ಹೊಲದಲ್ಲಿ ಒಂದೆಡೆ ಚೂಪು, ಒಂದೆಡೆ ಅಗಲವಾಗಿ ಬಾದಾಮಿ ಕಾಳಿನ ಆಕಾರದ ಕಲ್ಲು ಕಂಡರೆ ಎತ್ತಿ ನೋಡಿ, ಅಂಗೈಯಲ್ಲಿ ಅದು ಕೂರುವ ಸೊಗಸನ್ನು ಅನುಭವಿಸಿ, ಇದ್ದಲ್ಲೇ ಇಟ್ಟು ಬನ್ನಿ. ಜಾಗ ತಪ್ಪಿದ ಕಲ್ಲಿನಿಂದ ಸಂಶೋಧಕರಿಗೆ ಏನೂ ತಿಳಿಯುವುದಿಲ್ಲ.