ಹೊಗೆಯ ನೆನಪು

ಗುಂಡಿನ ಗಾಯವು ಕಣ್ಣಿಗೆ ಕಾಣುವುದು. ಉಸಿರಿನೊಡನೆ ಒಳಹೊಕ್ಕ ವಿಷವು ಕಾಣದು. ಅದು ಸೈನಿಕನ ಮೈಯಲ್ಲಿ ಹತ್ತಿಪ್ಪತ್ತು ವರ್ಷ ಅಡಗಿದ್ದು, ಆತನು ಸಮವಸ್ತ್ರವನ್ನು ಕಳಚಿ ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಕಾಲಕ್ಕೆ ತಲೆಯೆತ್ತುವುದುಂಟು.

ಜೇವರ್ಗಿ ತಾಲೂಕಿನ ಹಳ್ಳಿಯೊಂದರ ಮುದಿ ಯೋಧನು ಅಂತಹವನು. ಹಿಮದ ಠಾಣ್ಯಗಳಲ್ಲಿ ಸೀಮೆಎಣ್ಣೆಯ ಬುಖಾರಿಯ ಮಗ್ಗುಲಲ್ಲಿ ಚಳಿಗಾಲಗಳನ್ನು ಕಳೆದವನು. ಊರಿಗೆ ಬಂದಮೇಲೆ ಬಾಯಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ತೊಗರಿಗೂ ಹತ್ತಿಗೂ ಔಷಧ ಹೊಡೆದವನು. ಈಗ ನಾಲ್ಕು ಹೆಜ್ಜೆಗೆ ಏದುಸಿರು. ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ ಭೀಮೆಯನ್ನು ದಾಟಿ ಕಲಬುರಗಿಯನ್ನು ಸೇರಬೇಕು. ಒಂದು ದಿನವೇ ಕಳೆದುಹೋಗುವುದು.

ನಿವೃತ್ತ ಸೈನಿಕರ ಚಿಕಿತ್ಸೆಗೆಂದು 2003ರಲ್ಲಿ ಇ.ಸಿ.ಎಚ್.ಎಸ್. ಯೋಜನೆಯು ಮೊದಲಾಯಿತು. 2021ರ ಮೇ 27ರಂದು ರಕ್ಷಣಾ ಸಚಿವಾಲಯವು ಸೈನಿಕರಿಗೂ ನಿವೃತ್ತರಿಗೂ ‘ಸೇಹತ್’ ಎಂಬ ದೂರವೈದ್ಯ ಸೇವೆಯನ್ನು ತೆರೆಯಿತು. ಇಂತಹ ಸೇವೆಯಿಂದ ವೈದ್ಯರು ಮನೆಯ ಕಟ್ಟೆಗೇ ಬಂದಂತಾಯಿತು. ಮೊಮ್ಮಗಳು ಫೋನನ್ನು ಹಿಡಿದು ನಿಂತಳು. ವೈದ್ಯರು ಕೆಮ್ಮೆಷ್ಟು ದಿನದ್ದೆಂದು ಕೇಳಿದರು. ಮುದುಕನು ಕೇಳಿದಷ್ಟಕ್ಕೇ ಉತ್ತರವಿತ್ತನು.

“ಮುತ್ಯಾ, ಆ ಬುಖಾರಿ ಹೊಗಿ ಮಾತು ಯಾಕ ಹೇಳಲಿಲ್ಲ?” ಎಂದಳು ಹುಡುಗಿ.

“ಅದೇನ್ ಹೇಳೋದವ್ವಾ? ಎಲ್ಲಾರೂ ಕುಡದ ಹೊಗಿನೇ ಅದು.”

ಈ ಮಾತಿನಲ್ಲಿಯೇ ತೊಡಕಿರುವುದು. ಎಲ್ಲರೂ ಕುಡಿದ ಹೊಗೆಯನ್ನು ಯಾರೂ ದೂರುವುದಿಲ್ಲ. ದೂರದುದನ್ನು ಯಾರೂ ಬರೆದಿಡುವುದಿಲ್ಲ. ಅಮೆರಿಕವು ಇದನ್ನು ತಡವಾಗಿ ಕಲಿತಿತು. ವಿಯೆಟ್ನಾಮಿನ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್, ಇರಾಕ್ ಅಫಘಾನಿಸ್ತಾನಗಳ ದಂಡಿನ ಪಾಳೆಯಗಳಲ್ಲಿ ಕಸ ಸುಟ್ಟ ಗುಂಡಿಗಳ ಹೊಗೆ, ಇವುಗಳ ಫಲವನ್ನುಂಡ ಯೋಧರಿಗಾಗಿ 2022ರಲ್ಲಿ ಪ್ಯಾಕ್ಟ್ ಕಾಯಿದೆಯು ಬಂದಿತು. ಅಂದಿನಿಂದ ಅಲ್ಲಿಯ ನಿವೃತ್ತ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿ ಹೆಸರು ಬರೆಯಿಸಿದವರನ್ನು ಐದು ವರ್ಷಕ್ಕೊಮ್ಮೆಯಾದರೂ ‘ಯಾವ ವಿಷದ ಬಳಿ ಇದ್ದಿರಿ?’ ಎಂದು ಕೇಳಿ ದಾಖಲಿಸುತ್ತಾರೆ.

ಕೇಳುವ ಈ ಕೆಲಸಕ್ಕೆ ಫೋನು ಸಾಕು. ಬೆರಳಿಗೆ ಸಿಕ್ಕಿಸುವ ಸಣ್ಣ ಯಂತ್ರವು ರಕ್ತದ ಆಮ್ಲಜನಕವನ್ನು ಮನೆಯಲ್ಲಿಯೇ ತೋರಿಸೀತು. ಆದರೆ ಶ್ವಾಸಕೋಶದ ಬಲವನ್ನು ಊದಿಸಿ ಅಳೆಯುವುದಕ್ಕೂ, ಕೀಟನಾಶಕವು ಮಾಡಿದ ಕೇಡನ್ನು ರಕ್ತದಲ್ಲಿ ಹುಡುಕುವುದಕ್ಕೂ ಆಸ್ಪತ್ರೆಯೇ ಬೇಕು. ದೂರವೈದ್ಯವು ಆಸ್ಪತ್ರೆಗೆ ಬದಲಲ್ಲ. ಎಂದು ಆಸ್ಪತ್ರೆಗೆ ಹೋಗಬೇಕೆಂಬುದನ್ನು ಹೇಳುವ ಕಾವಲುಗಾರ. ಕಾವಲುಗಾರನಿಗೆ ಕಥೆಯೇ ತಿಳಿಯದಿದ್ದರೆ ಆತನು ಏನನ್ನು ಕಾಯಬೇಕು?

ಹುಡುಗಿಯು ಒಂದು ಹಳೆಯ ನೋಟುಪುಸ್ತಕವನ್ನು ತೆಗೆದಳು. ಯಾವ ವರ್ಷ, ಯಾವ ಠಾಣ್ಯ, ಎಷ್ಟು ಚಳಿಗಾಲ, ಹೊಲಕ್ಕೆ ಹೊಡೆದ ಔಷಧದ ಡಬ್ಬಿಯ ಹೆಸರೇನು, ಎಲ್ಲವನ್ನೂ ಕೇಳಿ ಕೇಳಿ ಬರೆದಳು. ಮುಂದಿನ ಸಲ ವೈದ್ಯರ ಮುಂದೆ ಮೊದಲು ಅದನ್ನೇ ಓದಿದಳು. ಅವರು ಅರೆಗಳಿಗೆ ಸುಮ್ಮನಿದ್ದು, ಶ್ವಾಸಕೋಶದ ಪರೀಕ್ಷೆಗೆ ಬರೆದುಕೊಟ್ಟರು.

ಮರುದಿನ ಮುದುಕನು ಭೀಮೆಯನ್ನು ದಾಟಿದನು. ಪುಸ್ತಕವು ಆತನ ಕಂಕುಳಲ್ಲಿತ್ತು.