ಕಸೂರಿನ ಕಂಪು

ವೇದಕಾಲದಲ್ಲಿ ಶುತುದ್ರಿಯೆಂದೂ ಪುರಾಣಗಳಲ್ಲಿ ಶತದ್ರುವೆಂದೂ ಹೆಸರಾದ ನದಿಯೇ ಇಂದಿನ ಸಟ್ಲೆಜ್. ಪಂಜಾಬಿನ ಫಿರೋಜ್‌ಪುರ ಪಟ್ಟಣದಿಂದ ಹತ್ತು ಹನ್ನೊಂದು ಕಿಲೋಮೀಟರು ದೂರದಲ್ಲಿ, ಈ ನದಿಯ ದಡದಲ್ಲಿ ಹುಸೇನಿವಾಲಾ ಎಂಬ ಊರಿದೆ. 1931ರ ಮಾರ್ಚ್ 23ರಂದು ಲಾಹೋರಿನ ಸೆರೆಮನೆಯಲ್ಲಿ ಗಲ್ಲಿಗೇರಿದ ಭಗತ್ ಸಿಂಗ್, ರಾಜಗುರು, ಸುಖದೇವರ ಚಿತೆ ಉರಿದುದು ಈ ನದೀತೀರದಲ್ಲಿಯೇ. ಅವರ ಸ್ಮಾರಕಕ್ಕೆ ಕೈಮುಗಿದು ಮುಂದೆ ನಡೆದ ಪ್ರವಾಸಿಗೆ ಬೇಗನೆ ದಾರಿ ಮುಗಿದುಹೋಗುತ್ತದೆ, ಎದುರಿಗೆ ಗಡಿ. ಗಡಿಯಾಚೆ ಗಂಡಾಸಿಂಗ್‌ವಾಲಾ, ಅದರಾಚೆ ಕಸೂರು. ಒಂದು ಕಾಲಕ್ಕೆ ಫಿರೋಜ್‌ಪುರದಿಂದ ಕಸೂರಿಗೆ ರೈಲು ಓಡುತ್ತಿತ್ತು. ಈಗ ಜನಸಾಮಾನ್ಯರಿಗೆ ಇಲ್ಲಿ ಹಾದಿಯಿಲ್ಲ.

ಈ ಸೀಮೆಯ ಸೊಬಗನ್ನು ಚಳಿಗಾಲದಲ್ಲಿ ನೋಡಬೇಕು. ಬೆಳಗಿನ ಮಂಜು ಹೊತ್ತೇರಿದರೂ ಕರಗದು. ಅದು ಕರಗಿದೊಡನೆ ಗೋಧಿಯ ಹಸಿರೂ ಸಾಸಿವೆಯ ಹಳದಿಯೂ ಕಣ್ಣು ತುಂಬುತ್ತವೆ. ಪಾಲಕ್, ಮೆಂತ್ಯ, ಸಾಸಿವೆಗಳ ಎಳೆಯ ಸೊಪ್ಪು ಮಾರುಕಟ್ಟೆಗೆ ರಾಶಿರಾಶಿಯಾಗಿ ಬರುವ ಕಾಲವಿದು. ಸೊಪ್ಪಿಗೆ ಪಂಜಾಬಿಗಳು ‘ಸಾಗ್’ ಎನ್ನುತ್ತಾರೆ. ಸಾಸಿವೆಯ ಸಾಗ್ ಲೋಕಪ್ರಸಿದ್ಧ. ಮಾಂಸಾಹಾರಿಗಳ ಮನೆಗಳಲ್ಲಿ ಪಾಲಕ್ ಸೊಪ್ಪಿನೊಡನೆ ಕೋಳಿಯನ್ನು ಬೇಯಿಸುವ ರೂಢಿಯೂ ಉಂಟು. ಅದೇ ಸಾಗ್ ಮುರ್ಗ್.

ಇದರ ಪಾಕದಲ್ಲಿ ಗುಟ್ಟೇನೂ ಇಲ್ಲ, ಇರುವುದು ಕ್ರಮ. ಒಂದು ಕಿಲೋ ಕೋಳಿಯನ್ನು ಮೂಳೆಸಹಿತ ತುಂಡು ಮಾಡಿ, ಒಂದು ಬಟ್ಟಲು ಗಟ್ಟಿ ಮೊಸರು, ಅರಿಸಿನ, ಉಪ್ಪು ಬೆರೆಸಿ ಒಂದು ಗಂಟೆ ಇಡುತ್ತಾರೆ. ಅರ್ಧ ಕಿಲೋ ಪಾಲಕ್ ಸೊಪ್ಪನ್ನು ಮಣ್ಣು ಹೋಗುವಂತೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಾಡಿಸಿ, ಒಡನೆಯೇ ತಣ್ಣೀರಿಗೆ ಹಾಕಿ, ಹಿಂಡಿ ತೆಗೆದು, ಎರಡು ಹಸಿಮೆಣಸಿನಕಾಯಿಯೊಡನೆ ತರಿತರಿಯಾಗಿ ರುಬ್ಬುತ್ತಾರೆ. ತುಪ್ಪದಲ್ಲಿ ಚಕ್ಕೆ, ಲವಂಗ, ಏಲಕ್ಕಿ ಸಿಡಿದ ಮೇಲೆ ಹೆಚ್ಚಿದ ಮೂರು ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯಬೇಕು. ಇಲ್ಲಿ ಅವಸರ ಸಲ್ಲದು. ಮೇಲೋಗರದ ಸವಿಯೆಲ್ಲ ಈ ಈರುಳ್ಳಿಯಲ್ಲಿದೆ. ಬಳಿಕ ಶುಂಠಿ, ಬೆಳ್ಳುಳ್ಳಿ, ಧನಿಯಾಪುಡಿ, ಕೆಂಪು ಮೆಣಸಿನಪುಡಿ. ಅನಂತರ ಮೊಸರಿನೊಡನೆ ಕೋಳಿ. ಮುಚ್ಚಿ ಅರ್ಧ ಗಂಟೆ ಬೇಯಿಸಿದರೆ ಮಾಂಸ ಮೆತ್ತಗಾಗಿ ಎಣ್ಣೆ ಮೇಲೆ ತೇಲುತ್ತದೆ.

ಸೊಪ್ಪು ಸೇರುವುದು ಆಗ ಮಾತ್ರ. ಎಲೆಯ ಹಸಿರು ಹುಳಿಯನ್ನೂ ಬಹುಕಾಲದ ಬೇಗೆಯನ್ನೂ ತಾಳಲಾರದು. ಮೊಸರಿನೊಡನೆ ಮೊದಲೇ ಹಾಕಿದರೆ ಮಂಕಾಗಿ ಕಂದುತ್ತದೆ. ಆದುದರಿಂದ ಮುಚ್ಚಳ ತೆಗೆದು ಐದೇ ನಿಮಿಷ ಕುದಿಸುತ್ತಾರೆ. ಕಡೆಗೆ ಒಂದು ಚಮಚ ಒಣ ಮೆಂತ್ಯಸೊಪ್ಪನ್ನು ಬೆಚ್ಚಗೆ ಮಾಡಿ, ಅಂಗೈಗಳ ನಡುವೆ ಉಜ್ಜಿ ಉದುರಿಸಿದೊಡನೆ ಅಡಿಗೆಮನೆಯೇ ಘಮಘಮಿಸುತ್ತದೆ. ಅದರ ಹೆಸರು ಕಸೂರಿ ಮೇಥಿ.

ಆ ಹೆಸರು ಬಂದುದು ಗಡಿಯಾಚೆಯ ಅದೇ ಕಸೂರಿನಿಂದ. ಇದು ನಮ್ಮ ಮೆಂತ್ಯದ ಒಡಹುಟ್ಟಾದರೂ ಬೇರೆ ಜಾತಿಯ ಗಿಡ, ಕಂಪು ಹೆಚ್ಚು. ಕಸೂರಿಗೆ ಇದರಿಂದ ಒಂದು ಕೀರ್ತಿಯಾದರೆ, ಸೂಫಿ ಕವಿ ಬುಲ್ಲೇ ಶಾಹನ ಸಮಾಧಿಯಿಂದ ಮತ್ತೊಂದು. 1947ರ ಆಗಸ್ಟ್ 15 ಕಳೆದರೂ ಫಿರೋಜ್‌ಪುರದ ಜನಕ್ಕೆ ತಮ್ಮ ಊರು ಯಾವ ದೇಶಕ್ಕೆ ಸೇರಿತೆಂಬುದು ನಿಶ್ಚಯವಾಗಿರಲಿಲ್ಲ. ರ‍್ಯಾಡ್‌ಕ್ಲಿಫ್ ಎಳೆದ ಗೆರೆ ಪ್ರಕಟವಾದುದು ಆಗಸ್ಟ್ 17ರಂದು. ಕಸೂರಿನ ಹಿಂದೂಗಳೂ ಸಿಖ್ಖರೂ ಇತ್ತ ಬಂದರು. ಫಿರೋಜ್‌ಪುರದ ಮುಸಲ್ಮಾನರು ಅತ್ತ ಹೋದರು. ಮನೆ, ಹೊಲ, ಬಾವಿ, ನೆರೆಹೊರೆಗಳೆಲ್ಲ ಹಿಂದೆಯೇ ಉಳಿದುವು. ಹೊತ್ತು ತರಲು ಭಾರವಿಲ್ಲದುದು ಕೈಯ ಅಡಿಗೆಯೊಂದೇ. ಇತ್ತಲ ಒಲೆಯ ಮೇಲೂ ಅತ್ತಲ ಒಲೆಯ ಮೇಲೂ ಇಂದಿಗೂ ಸಾಗ್ ಬೇಯುತ್ತಿದೆ.

ಇಂದು ಭಾರತದ ಅಂಗಡಿಗಳಿಗೆ ಬರುವ ಕಸೂರಿ ಮೇಥಿಯಲ್ಲಿ ಬಹುಭಾಗ ರಾಜಸ್ಥಾನದ ನಾಗೌರದ ಬೆಳೆ. ಗಿಡ ನೆಲವನ್ನು ಬದಲಿಸಿತು, ಹೆಸರನ್ನು ಬದಲಿಸಲಿಲ್ಲ. ಬೆಂಗಳೂರಿನ ಗೃಹಿಣಿಯೂ ಅಂಗಡಿಯವನಲ್ಲಿ ಆ ಹೆಸರನ್ನೇ ಹೇಳಿ ಪೊಟ್ಟಣವನ್ನು ಕೊಳ್ಳುತ್ತಾಳೆ. ಪಂಜಾಬಿಗಳು ಸಾಗ್‌ನೊಡನೆ ಮೆಕ್ಕೆಜೋಳದ ರೊಟ್ಟಿಯನ್ನು ಮೆಲ್ಲುತ್ತಾರೆ. ಕನ್ನಡದ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಾಗೆ ಬಡಿಸುವಾಗ ಆ ಹೆಸರಿನ ಹಿಂದೆ ಒಂದು ಊರಿದೆ, ಆ ಊರನ್ನು ಬಿಟ್ಟು ಬಂದವರ ಬಾಳಿದೆ ಎಂದು ಮಕ್ಕಳಿಗೆ ಒಂದು ಮಾತು ಹೇಳಿದರೆ, ಊಟದೊಡನೆ ಸ್ವಲ್ಪ ಚರಿತ್ರೆಯನ್ನೂ ಉಣಿಸಿದಂತಾದೀತು.