ಜಪಾನಿನ ಜಾಕೆಟ್ಟು, ಯಾರ ಮೈಯಳತೆ?

ಟೋಕಿಯೊದಿಂದ ಪಶ್ಚಿಮಕ್ಕೆ ಶಿಂಕಾನ್‌ಸೆನ್ ರೈಲಿನಲ್ಲಿ ಸುಮಾರು ಮೂರು ಗಂಟೆ ಪಯಣಿಸಿದರೆ ಹಿಮೇಜಿ ಸಿಗುತ್ತದೆ. ನಿಲ್ದಾಣದಿಂದ ಹೊರಬಂದೊಡನೆ ನೇರ ರಸ್ತೆಯ ತುದಿಯಲ್ಲಿ ಬಿಳಿಯ ಕೋಟೆ. ರೆಕ್ಕೆ ಬಿಚ್ಚಿದ ಬೆಳ್ಳಕ್ಕಿಯಂತೆ ಕಾಣುತ್ತದೆಂದು ಜಪಾನೀಯರು ಅದನ್ನು ಬೆಳ್ಳಕ್ಕಿ ಕೋಟೆ ಎಂದೇ ಕರೆಯುತ್ತಾರೆ. 1993ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕೋಟೆಯನ್ನು ನೋಡಿ, ಫೋಟೊ ತೆಗೆಸಿಕೊಂಡು, ಬಹುಪಾಲು ಪ್ರವಾಸಿಗರು ಮುಂದಿನ ರೈಲು ಹಿಡಿಯುತ್ತಾರೆ. ಊರಿನ ಪೂರ್ವಕ್ಕೆ ಹರಿಯುವ ಇಚಿಕಾವಾ ನದಿಯ ಕಡೆಗೆ ಕಾಲು ಹಾಕುವವರು ಕಡಿಮೆ. ಆದರೆ ಹಿಮೇಜಿಯ ಇನ್ನೊಂದು ಬದುಕು ಇರುವುದು ಆ ನದಿಯ ದಂಡೆಯಲ್ಲೇ. ಅದು ಚರ್ಮ ಹದ ಮಾಡುವ ಕಸುಬು.

ಹಿಮೇಜಿಯ ಬಿಳಿ ಚರ್ಮ ಹಳೆಯ ಕಾಲದಿಂದಲೂ ಹೆಸರುವಾಸಿ. ತೊಗಲನ್ನು ಹೊಳೆಯ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಉಪ್ಪು ಮತ್ತು ಸಾಸಿವೆ ಜಾತಿಯ ಎಣ್ಣೆ ಹಾಕಿ ತುಳಿದು ತಿಕ್ಕಿ, ಬಿಸಿಲಿಗೆ ಒಡ್ಡಿ ಹದಗೊಳಿಸುವುದು ಅಲ್ಲಿನ ಪದ್ಧತಿ. ಸಮುರಾಯಿಗಳ ಕವಚಕ್ಕೂ ಕುದುರೆಯ ಜೀನಿಗೂ ಈ ಚರ್ಮ ಬೇಕಿತ್ತು. ಇಂದು ಯಂತ್ರಗಳೂ ರಾಸಾಯನಿಕಗಳೂ ಬಂದಿವೆ. ಜಪಾನಿನಲ್ಲಿ ಹದವಾಗುವ ದನದ ಚರ್ಮದಲ್ಲಿ ಹೆಚ್ಚಿನ ಪಾಲು ಹಿಮೇಜಿ, ತತ್ಸುನೊ ಮುಂತಾದ ಊರುಗಳಿರುವ ಈ ಹ್ಯೋಗೊ ಪ್ರಾಂತ್ಯದ್ದೇ. ಜಾಕೆಟ್ ಪ್ರಿಯರು ಹುಡುಕಿಕೊಂಡು ಬರುವ ಕುದುರೆ ಚರ್ಮವನ್ನು ಹದ ಮಾಡುವ ಕಾರ್ಖಾನೆಯೂ ಹಿಮೇಜಿಯಲ್ಲಿದೆ.

ಈ ಕಸುಬಿಗೆ ನೋವಿನ ಚರಿತ್ರೆಯೊಂದಿದೆ. ಕವಚ ತೊಟ್ಟವನಿಗೆ ಗೌರವ ಸಿಕ್ಕಿತು, ಅದರ ಚರ್ಮ ಹದ ಮಾಡಿದವನು ಊರ ಹೊರಗೆ ಉಳಿದ. 1871ರಲ್ಲಿ ಮೇಜಿ ಸರ್ಕಾರ ಈ ತಾರತಮ್ಯವನ್ನು ಕಾನೂನಿನಲ್ಲಿ ರದ್ದುಗೊಳಿಸಿತು. ಜನರ ಮನಸ್ಸಿನಿಂದ ಅದು ಅಷ್ಟು ಬೇಗ ಹೋಗಲಿಲ್ಲ. 1922ರಲ್ಲಿ ಕ್ಯೋಟೊದಲ್ಲಿ ಈ ಸಮುದಾಯದವರೇ ಸಂಘಟಿತರಾಗಿ ಸಮಾನತೆಗಾಗಿ ಚಳವಳಿ ಆರಂಭಿಸಬೇಕಾಯಿತು. ಮನುಷ್ಯರನ್ನು ತಪ್ಪು ಕೋಲಿನಿಂದ ಅಳೆಯುವ ಈ ಕಥೆ ಕನ್ನಡ ನಾಡಿನ ಓದುಗರಿಗೆ ಹೊಸದೇನಲ್ಲ. ಸಾವಿರಾರು ಯೆನ್ ತೆತ್ತು ಜಾಕೆಟ್ ಕೊಳ್ಳುವವರು ಅದರ ಹಿಂದಿನ ಕೈಗಳನ್ನೂ ಒಮ್ಮೆ ನೆನೆಯುವುದು ಒಳ್ಳೆಯದು.

ರೈಲು ಹಳಿಯ ಕೆಳಗಿನ ಅಮೆರಿಕ

ಹಿಮೇಜಿಯಲ್ಲಿ ಹದವಾದ ಚರ್ಮ ಜಾಕೆಟ್ಟಾಗುವ ಕಥೆ ತಿಳಿಯಬೇಕಾದರೆ ಟೋಕಿಯೊಗೆ ಮರಳಬೇಕು. ಉಯೆನೊ ನಿಲ್ದಾಣದಿಂದ ಒಕಾಚಿಮಾಚಿ ನಿಲ್ದಾಣದವರೆಗೆ, ರೈಲು ಹಳಿಯ ಅಡಿಯಲ್ಲೂ ಪಕ್ಕದಲ್ಲೂ ಸುಮಾರು ಅರ್ಧ ಕಿಲೊಮೀಟರ್ ಉದ್ದಕ್ಕೆ ಹಬ್ಬಿದ ಅಮೆಯೊಕೊ ಎಂಬ ಸಂತೆ ಬೀದಿಯಿದೆ. ಮೀನು, ಒಣಹಣ್ಣು, ಬೂಟು, ಗಡಿಯಾರ ಎಲ್ಲವೂ ಅಲ್ಲಿ ಒತ್ತೊತ್ತಾಗಿ ಮಾರಾಟವಾಗುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಸೋತು ಸುಣ್ಣವಾದ ಟೋಕಿಯೊದಲ್ಲಿ ಇದು ಕಾಳಸಂತೆಯಾಗಿ ಹುಟ್ಟಿತು. 'ಅಮೆ' ಎಂದರೆ ಮಿಠಾಯಿ. ಸಕ್ಕರೆಯೇ ಸಿಗದ ದಿನಗಳಲ್ಲಿ ಇಲ್ಲಿ ಮಿಠಾಯಿ ಮಾರುತ್ತಿದ್ದರು, ಅದರಿಂದ ಹೆಸರು ಬಂತು ಎನ್ನುವವರಿದ್ದಾರೆ. ಅಮೆರಿಕ ಸೈನ್ಯದ ಸಾಮಾನು ಮಾರುತ್ತಿದ್ದರು, ಆ ಅಮೆರಿಕದ 'ಅಮೆ' ಇದು ಎನ್ನುವವರೂ ಇದ್ದಾರೆ.

ಆ ಸೈನ್ಯದ ಸಾಮಾನುಗಳಲ್ಲಿ ವಿಮಾನ ಚಾಲಕರ ಚರ್ಮದ ಜಾಕೆಟ್ಟುಗಳೂ ಇದ್ದವು. ಸೋತ ದೇಶದ ಹುಡುಗರು ಗೆದ್ದವರ ಅಂಗಿಯನ್ನು ಬೆರಗಿನಿಂದ ನೋಡಿದರು. ಮುಂದೆ ಜಪಾನ್ ಚೇತರಿಸಿಕೊಂಡು ಕೈಯಲ್ಲಿ ಕಾಸು ಓಡಾಡತೊಡಗಿದಾಗ ಹಳೆಯ ಅಮೆರಿಕನ್ ಜಾಕೆಟ್ಟುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಹಳೆಯದು ಎಷ್ಟೆಂದು ಸಿಕ್ಕೀತು? ಕೊನೆಗೆ ಜಪಾನೀಯರು ತಾವೇ ಅದನ್ನು ಹೊಲಿಯಲು ಕುಳಿತರು. ಹಳೆಯ ಜಾಕೆಟ್ಟಿನ ಹೊಲಿಗೆ ಬಿಚ್ಚಿ, ಒಂದೊಂದು ತುಂಡಿನ ಕಾಗದದ ನಕ್ಷೆ ತೆಗೆದು, ದಾರ, ಜಿಪ್ಪು, ಗುಂಡಿಗಳನ್ನೂ ಹಳೆಯ ಮಾದರಿಯಲ್ಲೇ ಮಾಡಿಸಿದರು. ಕೋಬೆಯ ರಿಯಲ್ ಮೆಕಾಯ್ಸ್, ಟೋಯೊ ಎಂಟರ್‌ಪ್ರೈಸ್ ಕಂಪನಿ 1993ರಲ್ಲಿ ಆರಂಭಿಸಿದ ಬಜ್ ರಿಕ್ಸನ್ಸ್ ಇಂಥ ಹೆಸರುಗಳು. ಮೂಲವನ್ನೇ ಮೀರಿಸುವ ನಕಲು ಎಂಬ ಹೊಗಳಿಕೆ ಅವಕ್ಕೆ ಸಿಕ್ಕಿದೆ. ಬೆಲೆಯೂ ಹಾಗೆಯೇ, ಒಂದು ಲಕ್ಷ ಯೆನ್ ದಾಟುವುದು ಸಾಮಾನ್ಯ.

ಪೇಚು ಇರುವುದು ಇಲ್ಲಿಯೇ. ಚರ್ಮ ಹಿಮೇಜಿಯದು, ಹೊಲಿಗೆ ಜಪಾನಿನದು. ಆದರೆ ನಕ್ಷೆ 1930-40ರ ದಶಕದ ಅಮೆರಿಕನ್ ಯುವಕನ ಮೈಯದು. ಅದನ್ನು ಇಂದು ತೊಡುವವರು ಯಾರ್‍ಯಾರೋ!

ಕೂತವನಿಗೆ ಹೊಲಿದದ್ದು

ಅಮೆರಿಕದ ಸೇನಾ ವಿಮಾನ ದಳ 1931ರಲ್ಲಿ ಒಪ್ಪಿಕೊಂಡ 'ಎ-2' ಜಾಕೆಟ್ಟನ್ನೇ ನೋಡಿ. ಅದು ಇಕ್ಕಟ್ಟಾದ ಆಸನದಲ್ಲಿ ಕುಳಿತು, ಕೈ ಮುಂದೆ ಚಾಚಿ ವಿಮಾನ ನಡೆಸುವವನ ಉಡುಪು. ಕುಳಿತಾಗ ಹೊಟ್ಟೆಯ ಬಳಿ ಮುದ್ದೆಯಾಗಬಾರದೆಂದು ಸೊಂಟಕ್ಕೇ ನಿಲ್ಲಿಸಿದ್ದಾರೆ. ಗಾಳಿ ನುಗ್ಗದಂತೆ ಸೊಂಟಕ್ಕೂ ಮಣಿಕಟ್ಟಿಗೂ ಉಣ್ಣೆಯ ಹೆಣಿಗೆಯ ಪಟ್ಟಿ ಕೊಟ್ಟಿದ್ದಾರೆ. ಆಗಿನ ಪ್ಯಾಂಟುಗಳು ಹೊಕ್ಕುಳಿನವರೆಗೆ ಏರುತ್ತಿದ್ದವು. ಆದ್ದರಿಂದ ಜಾಕೆಟ್ ಗಿಡ್ಡವಾಯಿತೆಂದು ಯಾರಿಗೂ ಅನಿಸುತ್ತಿರಲಿಲ್ಲ. ಇಂದಿನ ಜೀನ್ಸು ಸೊಂಟದಿಂದ ಕೆಳಗೆ ಇಳಿದಿದೆ. ಅದರ ಮೇಲೆ ಎ-2 ತೊಟ್ಟವನು ಕನ್ನಡಿಯಲ್ಲಿ ನೋಡಿಕೊಂಡು, ನಡುವೆ ಇಣುಕುವ ಅಂಗಿ ಕಂಡು, ತಾನು ಜಾಕೆಟ್ಟಿಗಿಂತ ದೊಡ್ಡವನಾದೆನೆಂದು ಭಾವಿಸುತ್ತಾನೆ. ನಿಜವಾಗಿ ಕೆಳಗೆ ಜಾರಿದ್ದು ಪ್ಯಾಂಟು!

ಓರೆ ಜಿಪ್ಪಿನ ಮೋಟಾರ್‌ಸೈಕಲ್ ಜಾಕೆಟ್ಟಿನದೂ ಇದೇ ಕಥೆ. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ರೂಪಿಸಿದ ಈ ಮಾದರಿ, ಮುಂದಕ್ಕೆ ಬಾಗಿ ಹ್ಯಾಂಡಲ್ ಹಿಡಿದವನಿಗಾಗಿ ಬಂದದ್ದು. ಕೈ ಚಾಚಿದಾಗ ತೋಳು ಮಣಿಕಟ್ಟಿನಿಂದ ಮೇಲೇರಬಾರದೆಂದು ಉದ್ದವಾಗಿಯೇ ಬಿಟ್ಟಿರುತ್ತಾರೆ. ನೆಟ್ಟಗೆ ನಿಂತು ಅಂಗೈ ಮುಚ್ಚಿತೆಂದು ದೂರುವವನು ಬೈಕಿನ ಮೇಲೆ ಕುಳಿತು ನೋಡಬೇಕು.

ಬಟ್ಟೆಯಾದರೆ ಟೈಲರ್ ಒಳಗೆ ಬಿಟ್ಟ ಮಡಿಕೆ ಬಿಚ್ಚಿ ದೊಡ್ಡದು ಮಾಡಿಕೊಡುತ್ತಾನೆ. 'ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ' ಎಂದು ಯೂನಿಫಾರಂ ಹೊಲಿಸುವ ತಾಯ್ತಂದೆಯರಿಗೆ ಇದು ಚೆನ್ನಾಗಿ ಗೊತ್ತು. ಜಪಾನಿನ ತಾಯಂದಿರಿಗೂ ಗೊತ್ತು. ಮಕ್ಕಳ ಕಿಮೊನೊದ ಹೆಗಲಿನಲ್ಲೂ ಸೊಂಟದಲ್ಲೂ ಮಡಿಕೆ ಹಾಕಿ ಹೊಲಿದು, ಮಗು ಬೆಳೆದಂತೆ ಬಿಚ್ಚುತ್ತ ಹೋಗುವುದು ಅಲ್ಲಿನ ರೂಢಿ. ಹೆಂಗಸರ ಕಿಮೊನೊವನ್ನೂ ಉದ್ದ ಹೆಚ್ಚಾದಷ್ಟು ಸೊಂಟದಲ್ಲಿ ಮಡಿಸಿ ಕಟ್ಟುತ್ತಾರೆ. ಸೀರೆ, ಪಂಚೆಗಳಂತೆ ಅದು ಉಟ್ಟವರ ಮೈಗೆ ತಾನೇ ಹೊಂದಿಕೊಳ್ಳುವ ಉಡುಪು.

ಚರ್ಮದ ಜಾಕೆಟ್ ಹಾಗಲ್ಲ. ಸೂಜಿ ಹೊಕ್ಕ ತೂತು ಚರ್ಮದಲ್ಲಿ ಶಾಶ್ವತ. ಹೊಲಿಗೆ ಬಿಚ್ಚಿದರೆ ತೂತಿನ ಸಾಲು ಉಳಿದುಬಿಡುತ್ತದೆ. ಹೊಸ ಕುದುರೆ ಚರ್ಮವಂತೂ ಹಲಗೆಯಂತೆ ಬಿಗಿ. ತೊಟ್ಟು ತೊಟ್ಟು ಮೊಣಕೈಯಲ್ಲಿ, ಬೆನ್ನಿನಲ್ಲಿ ನೆರಿಗೆ ಮೂಡಿ ಮೆತ್ತಗಾಗುತ್ತದೆ, ಅಗಲದಲ್ಲಿ ಒಂದಿಷ್ಟು ಸಡಿಲುತ್ತದೆ. ಹೆಗಲಿನ ಅಳತೆ ಮಾತ್ರ ಬದಲಾಗದು. ಹೆಗಲು ಸರಿಯಿಲ್ಲದ ಚರ್ಮದ ಜಾಕೆಟ್ ಎಂದಿಗೂ ಸರಿಹೋಗುವುದಿಲ್ಲ.

ಮೈಗೊಂದು ಅಕ್ಷರ

ಹಾಗಾದರೆ ಬಗೆಬಗೆಯ ಮೈಗಳಿಗೆ ಜಪಾನೀಯರು ಏನು ಮಾಡಿದ್ದಾರೆ? ಉತ್ತರ ಅಲ್ಲಿನ ಸೂಟಿನ ಚೀಟಿಯಲ್ಲಿದೆ. '92ಎ5' ಎಂಬಂಥ ಗುರುತು ಅದರ ಮೇಲಿರುತ್ತದೆ. 92 ಎಂದರೆ ಎದೆಯ ಸುತ್ತಳತೆ, ಸೆಂಟಿಮೀಟರಿನಲ್ಲಿ. ಕೊನೆಯ 5 ಎತ್ತರದ ಗುರುತು, ಅಂದರೆ 170 ಸೆಂಟಿಮೀಟರ್. 4 ಆದರೆ 165, 6 ಆದರೆ 175. ನಡುವಿನ ಅಕ್ಷರವೇ ಮುಖ್ಯ. ಅದು ಎದೆಗೂ ಸೊಂಟಕ್ಕೂ ಇರುವ ವ್ಯತ್ಯಾಸವನ್ನು ಹೇಳುತ್ತದೆ. 'ವೈ' ಎಂದರೆ 16 ಸೆಂಟಿಮೀಟರ್ ವ್ಯತ್ಯಾಸ, ತೆಳು ಸೊಂಟದವನು. 'ಎ' ಎಂದರೆ 12, 'ಎಬಿ' ಎಂದರೆ 10, 'ಬಿ' ಎಂದರೆ 8. 'ಇ' ಎಂದರೆ ವ್ಯತ್ಯಾಸವೇ ಇಲ್ಲ, ಎದೆಯಷ್ಟೇ ಹೊಟ್ಟೆ. ಹೆಂಗಸರ ಉಡುಪಿಗೂ ಇಂಥದೇ ಕ್ರಮವಿದ್ದು, ಅಲ್ಲಿ ಅಕ್ಷರ ನಿತಂಬದ ಅಳತೆಯನ್ನು ತಿಳಿಸುತ್ತದೆ.

ಈ ಪಟ್ಟಿಯಲ್ಲಿ ಸರಿಯಾದ ಮೈ, ತಪ್ಪು ಮೈ ಎಂಬ ಕಾಲಂ ಇಲ್ಲವೆಂಬುದು ಗಮನಿಸಬೇಕಾದ ಸಂಗತಿ. 'ಇ' ಮೈಯವನೂ 'ವೈ' ಮೈಯವನೂ ಅಂಗಡಿಯವನಿಗೆ ಒಂದೇ ಬಗೆಯ ಗಿರಾಕಿಗಳು. ಟೋಕಿಯೊದ ರಿಯೋಗೊಕು ಬಡಾವಣೆಗೆ ಹೋದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸುಮಿದಾ ನದಿಯ ಪೂರ್ವ ದಂಡೆಯ ಈ ಬಡಾವಣೆಯಲ್ಲಿ ಸುಮೊ ಕುಸ್ತಿಯ ರಂಗಮಂದಿರವಿದೆ, ಸುತ್ತ ಪೈಲ್ವಾನರ ಗರಡಿಗಳಿವೆ. ಅವರ ಗಾತ್ರದ ಉಡುಪು ಮಾರುವ ಅಂಗಡಿಯೂ ಅಲ್ಲಿದೆ. ಬೇರೆಡೆ 'ನಿಮ್ಮ ಸೈಜು ಇಲ್ಲ' ಎನಿಸಿಕೊಂಡವನಿಗೆ ಅಲ್ಲಿ ಆಯ್ಕೆ ಮಾಡಿಕೊಳ್ಳುವಷ್ಟು ಬಟ್ಟೆಯಿರುತ್ತದೆ.

ಅಕ್ಷರ ಕೊಡುವ ಮುನ್ನ ಎಣಿಸಬೇಕು. ಜಪಾನಿನಲ್ಲಿ 1992ರಿಂದ 94ರ ನಡುವೆ ಸುಮಾರು 34,000 ಜನರ ಮೈಯಳತೆ ತೆಗೆದರು. ಭಾರತದ ಅಂಗಡಿಗಳಲ್ಲಿ ಬಹುಕಾಲ ನಡೆದದ್ದು ಬ್ರಿಟನ್, ಅಮೆರಿಕಗಳಿಂದ ಎರವಲು ತಂದ ಸೈಜು. ಆರು ನಗರಗಳ 25,000 ಜನರನ್ನು ಅಳೆದು ನಮ್ಮದೇ ಪಟ್ಟಿ ಮಾಡುವ 'ಇಂಡಿಯಾಸೈಜ್' ಯೋಜನೆ ಘೋಷಣೆಯಾದದ್ದು 2018ರಲ್ಲಿ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು.

ಕನ್ನಡಿಯ ಮುಂದೆ

ಚರ್ಮದ ಜಾಕೆಟ್ಟಿನ ಚೀಟಿಯಲ್ಲಿ ಸೂಟಿನಷ್ಟು ವಿವರ ಸಾಮಾನ್ಯವಾಗಿ ಇರುವುದಿಲ್ಲ. ಎಸ್, ಎಂ, ಎಲ್ ಎಂದೋ, ಹಳೆಯ ಅಮೆರಿಕನ್ ರೀತಿಯಲ್ಲಿ 36, 38, 40 ಇಂಚು ಎಂದೋ ಇರುತ್ತದೆ. ಜಪಾನಿನ 'ಎಂ' ಎಂದರೆ ಎದೆ 88ರಿಂದ 96, ಎತ್ತರ 165ರಿಂದ 175 ಸೆಂಟಿಮೀಟರ್. 'ಎಲ್' ಎಂದರೆ ಎದೆ 96ರಿಂದ 104, ಎತ್ತರ 175ರಿಂದ 185. ಅಮೆರಿಕದ 'ಎಂ' ಇದಕ್ಕಿಂತ ದೊಡ್ಡದು. ಹಾಗಾಗಿ ಅಲ್ಲಿ ಎಂ ತೊಡುವವನು ಇಲ್ಲಿ ಎಲ್ ಕೇಳಬೇಕಾದೀತು. ಮೈ ಬೆಳೆದಿಲ್ಲ, ಕೋಲು ಬದಲಾಗಿದೆ, ಅಷ್ಟೆ.

ಎತ್ತರ 182, ಎದೆ 88 ಇರುವ ಸಣಕಲು ಹುಡುಗ ಎಂ ಹಾಕಿದರೆ ಮಣಿಕಟ್ಟು ಹೊರಗೆ, ಎಲ್ ಹಾಕಿದರೆ ಎದೆ ಜೋಲು. ಅವನಿಗೆ ತೋಳು ಉದ್ದವಿರುವ ಮೋಟಾರ್‌ಸೈಕಲ್ ಮಾದರಿ ಮೇಲು. ಎತ್ತರ 165, ಎದೆ 100 ಇರುವ ಗಟ್ಟಿ ಮೈಯವನು ಎಲ್ ಹಾಕಿದರೆ ತೋಳು ಅಂಗೈ ಮುಚ್ಚೀತು. ಹೆಣಿಗೆ ಪಟ್ಟಿಯ ತೋಳಾದರೆ ಆ ಹೆಚ್ಚುವರಿ ಉದ್ದ ಮಣಿಕಟ್ಟಿನ ಮೇಲೆಯೇ ನಿಲ್ಲುತ್ತದೆ. ಹೊಟ್ಟೆ ಇರುವವನು ಜಿಪ್ಪು ಏರಲೆಂದು ಎರಡು ಸೈಜು ದೊಡ್ಡದು ಕೊಂಡರೆ ಹೆಗಲು ತೋಳಿಗೆ ಜಾರುತ್ತದೆ. ಅವನು ಹೆಗಲಿಗೆ ಸರಿಯಾದುದನ್ನು ಕೊಂಡು ಜಿಪ್ಪು ತೆರೆದೇ ತೊಡುವುದು, ಇಲ್ಲವೇ ಹಣವಿದ್ದರೆ ಅಳತೆ ಕೊಟ್ಟು ಹೊಲಿಸುವುದು ಲೇಸು. ಚರ್ಮದ ಕೆಲಸಕ್ಕೆ ಹೆಸರಾದ ಅಸಕುಸದಂಥ ಕಡೆ ಹಾಗೆ ಹೊಲಿದುಕೊಡುವವರಿದ್ದಾರೆ.

ಓದಿಗೋ ಕೆಲಸಕ್ಕೋ ಜಪಾನಿಗೆ ಹೋಗುವ ನಮ್ಮ ಮಕ್ಕಳ ಕೈಗೆಟಕುವುದು ಹೆಚ್ಚಾಗಿ ಶಿಮೊಕಿತಜಾವಾ, ಕೋಎಂಜಿ ಬಡಾವಣೆಗಳ ಹಳೆ ಬಟ್ಟೆಯ ಅಂಗಡಿಗಳು. ಅಲ್ಲಿ ಚೀಟಿಯನ್ನು ನೆಚ್ಚಬೇಕಿಲ್ಲ. ಹೆಗಲಿನ ಅಗಲ, ಎದೆಯ ಅಗಲ, ತೋಳಿನ ಉದ್ದ, ಬೆನ್ನಿನ ಉದ್ದ ಎಂದು ಜಾಕೆಟ್ಟನ್ನು ಮೇಜಿನ ಮೇಲೆ ಹರಡಿ ತೆಗೆದ ನಾಲ್ಕು ಅಳತೆಗಳನ್ನು ಜಪಾನಿನ ಅಂಗಡಿಗಳು ಬರೆದಿಡುವುದುಂಟು. ಊರಿನಿಂದ ಹೊರಡುವ ಮುನ್ನ ಮನೆಯಲ್ಲಿ ಚೆನ್ನಾಗಿ ಹೊಂದುವ ಒಂದು ಕೋಟನ್ನು ಹೀಗೇ ಹರಡಿ, ಈ ನಾಲ್ಕನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು ಹೋದರೆ ಸಾಕು. ಒಳಗೆ ಸ್ವೆಟರ್ ತೊಡುವ ಚಳಿಯೆಂಬುದನ್ನು ಮರೆಯಬಾರದು. ಜನವರಿಯಲ್ಲಿ ಟೋಕಿಯೊದ ಸರಾಸರಿ ಉಷ್ಣತೆ ಐದು ಡಿಗ್ರಿಯ ಆಸುಪಾಸು.

ಹದಿನೆಂಟರ ವಯಸ್ಸಿಗೆ ಅಂಗಡಿಯ ಕನ್ನಡಿ ಬಹಳ ಕಠಿಣ. ಜಿಪ್ಪು ಏರದಿದ್ದರೆ ಊಟ ಬಿಡುವ ಹುಡುಗಿಯರಿದ್ದಾರೆ, ಹೆಗಲು ತುಂಬಲಿಲ್ಲವೆಂದು ಕುಗ್ಗುವ ಹುಡುಗರಿದ್ದಾರೆ. ಅಂಥವರಿಗೆ ತಾಯ್ತಂದೆಯರು ಹೇಳಬಹುದಾದ ಮಾತನ್ನು ಈ ಜಾಕೆಟ್ಟೇ ಕಲಿಸುತ್ತದೆ. ಅದನ್ನು ಕತ್ತರಿಸಿದ್ದು ತೊಂಬತ್ತು ವರ್ಷದ ಹಿಂದೆ, ವಿಮಾನದಲ್ಲಿ ಕುಳಿತ ಯಾರೋ ಒಬ್ಬನ ಅಳತೆಗೆ. ಆ ಅಳತೆ ಹೊಂದದಿದ್ದರೆ ಅದನ್ನು ಕಳಚಿ ಗೂಟಕ್ಕೆ ಹಾಕಿ, ಪಕ್ಕದ್ದನ್ನು ತೆಗೆದು ನೋಡಬೇಕು.